ಕೆಂಪು ಗಾಡಿಗೆ ಬರೋಬ್ಬರಿ ಸೈಜು

ಇಚಲಕರಂಜಿಯಿಂದ ಯಡ್ರಾವಕ್ಕ ಹೋಗೂ ರಸ್ತೇದಾಗ, ಮಗ್ಗದ ಶೆಡ್ಡುಗಳ ಸಾಲು ಮುಗಿಯೂ ಹೊತ್ತಿಗೆ, ಬಲಗಡೆ ಒಂದು ಟೈರಿನ ದುಕಾನ ಬರ್ತೈತಿ. ಅದು ಸಿದ್ದರಾಯಂದು. ಟ್ರಕ್ಕು, ಟ್ರ್ಯಾಕ್ಟರು, ಕಬ್ಬಿನ ಟ್ರೇಲರು, ಯಾವ್ದರ ಬರಲಿ, ಟೈರಿನ ವಿಷಯದಾಗ ಅಂವ ಗಿರಾಕಿಗೆ ಸುಳ್ಳು ಹೇಳಿದ್ದು ಯಾರೂ ಕೇಳಿಲ್ಲ. ಅಂಥಾಂವ ಆ ಬ್ಯಾಸಗ್ಯಾಗ ಮನ್ಯಾಗಿನ ಒಂದ ಗಾಡಿಗೆ ಟೈರು ಸಿಗವಲ್ದು ಅಂತ ಹೇಳಿ ವಾರಕ್ಕೊಮ್ಮೆ ಕೊಲ್ಹಾಪುರಕ್ಕ ಅಡ್ಡಾಡಿದ. ಎಲ್ಲಾ ಸುಳ್ಳು. ಟೈರು ಮೊದಲ್ನೇ ಸಲಾನ ಸಿಕ್ಕಿದ್ದುವು.

ಗಾಡಿ ಅಂವನ ಮಗ ಸುಮಿತಂದು. ಎರಡ ಬಾಗಲಾ, ಎರಡ ಸೀಟು, ಎಂಜಿನ್ ಹಿಂದ, ಕೆಂಪು ಬಣ್ಣದ ಹಳೇ ಸ್ಪೋರ್ಟ್ಸ್ ಕಾರು. ಕೊಲ್ಹಾಪುರದ ಯಾರೋ ಶ್ರೀಮಂತರ ಹಿತ್ತಲದಾಗ ಬಿದ್ದಿತ್ತು, ಕೋಳಿ ಅದರಾಗ ತತ್ತಿ ಇಡತಿದ್ದುವು. ಸುಮಿತ ಅದನ್ನ ಟೆಂಪೋದಾಗ ಹೇರಿಕೊಂಡ ಬಂದು, ಬಿಚ್ಚಿ, ಜೋಡಿಸಿ, ಮತ್ತ ಬಿಚ್ಚಿ, ಕಡೀಕ ಚಾಲೂ ಮಾಡಿದ. ಮಾಡಿದಾಂವ ಸುಮ್ಮನರ ಇರಬೇಕಲಾ, ಶೋಕಿ ಎಲ್ಲಿ ಬಿಡ್ತೈತಿ. ಬಾಗಲ ಸಂದಿನ್ಯಾಗ ಕಂಪನಿಯವರು ಪಟ್ಟಿ ಹಚ್ಚಿ ಬರದಿದ್ರು: ಮುಂದಿನ ಗಾಲಿಗೆ ೧೮೫, ಹಿಂದಿನದಕ್ಕ ೨೦೫. ಅದು ಟೈರಿನ ಅಗಲ. ಅಂಥಾ ಗಾಡಿಗೆ ಮುಂದ ಸಣ್ಣದು, ಹಿಂದ ದೊಡ್ಡದು ಹಾಕೂದ ರೀತಿ. ನಮ್ಮ ಸುಮಿತ ನಾಕೂ ಗಾಲಿಗೆ ೨೨೫ ಜಡದ. ನೋಡಾಕ ಗೂಳಿ ನಿಂತಂಗ ಕಾಣತಿತ್ತು, ಅದು ಖರೆ. ಆದ್ರ ಸ್ಟೇರಿಂಗ್ ಪೂರಾ ತಿರುವಿದ್ರ ಮುಂದಿನ ಟೈರು ಮಡಗಾರ್ಡಿಗೆ ತಿಕ್ಕಿ ಕರ್ರ್ ಅಂತಿತ್ತು.

"ಟೈರಿನವನ ಮಗಾ ಆಗಿ ತಪ್ಪು ಸೈಜು ಹಾಕ್ಕೊಂಡು ಊರೆಲ್ಲಾ ಮೆರೀತಿ. ನನ್ನ ಮಾನಾ ಕಳದಿ" ಅಂತ ಸಿದ್ದರಾಯ ಬೈತಿದ್ದ.

"ಇರ್ಲಿ ಬಿಡಪಾ. ನಾ ಬಂದದ್ದು ನಿಮಗ ಗೊತ್ತಾಗ್ತೈತಿ" ಅಂತ ಸುಮಿತ ನಗತಿದ್ದ.

ಹಂಗ ಆತು ಮತ್ತ. ದುಕಾನದ ಬಾಜೂಕ ಒಂದು ಸಣ್ಣ ಗಲ್ಲಿ, ಗಲ್ಲಿ ಒಳಗ ಮನಿ. ಸಂಜೀಕ ಗಲ್ಲಿ ಬಾಯ್ಯಾಗ ಕರ್ರ್ ಅಂದ್ರ ಸೊಸಿ ಸಪನಾ ಚಹಾಕ್ಕ ಇಡತಿದ್ದಳು, ಅತ್ತಿ ಫಕೀರವ್ವ ತಾಟು ಹಾಕತಿದ್ದಳು. ಸಿದ್ದರಾಯ ಒಮ್ಮೆ ಬೈದು, ಆಮ್ಯಾಲ ಮಗನ ಬಾಜೂಕ ಕುಂತು ಉಣತಿದ್ದ.

ಒಂದು ಮಳಿಗಾಲದಾಗ ಡೆಂಗಿ ಬಂತು, ಸುಮಿತ ಹೋದ. ತನ್ನ ಕಾಲಲೆ ನಡಕೊಂತ ದವಾಖಾನಿಗೆ ಹೋದಾಂವ ಹೊಳ್ಳಿ ಬರಲಿಲ್ಲ. ಗಾಡಿ ದುಕಾನದ ಹಿಂದಿನ ಶೆಡ್ಡಿನ್ಯಾಗ ನಿಂತಲ್ಲೇ ನಿಂತಿತು. ನಿಂತ ಟೈರು ಸೀಳತಾವ, ಒಂದ ಮಗ್ಗಲಾ ಚಪ್ಪಟಿ ಆಗ್ತಾವ. ಸಪನಾ ಮಾತ್ರ ಐತವಾರಕ್ಕೊಮ್ಮೆ ಹೋಗಿ ಎಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಅದರಾಗ ಕುಂತು ಬರತಿದ್ದಳು. ಗಾಡಿ ಹೊಡಿಯೂದು ಆಕಿಗೆ ಸುಮಿತನ ಕಲಿಸಿದ್ದ.

ಸಪನಾ ತವರಿಗೆ ಹೋಗಲಿಲ್ಲ. ಯಡ್ರಾವದ ಮಗ್ಗದ ಕಾರಖಾನ್ಯಾಗ ಬಟ್ಟಿ ತಪಾಸಣಿ ಮಾಡೂ ಕೆಲಸಕ್ಕ ಹೋಗತಿದ್ದಳು, ಸಂಜೀಕ ಬಂದು ರೊಟ್ಟಿ ಬಡೀತಿದ್ದಳು. ಮಗ ಹೋದ ಮ್ಯಾಲ ಸಿದ್ದರಾಯ ಊಟಾನ ಬಿಟ್ಟಿದ್ದ. ಸೊಸಿ ತಾಟಿನ ಮುಂದ ಕುಂತು "ಮಾವಾರ, ಇದೊಂದ ತುತ್ತು" ಅಂತ ಅಂದಂದ ಉಣಸಿ ಬದುಕಿಸಿದಾಕಿ. ಆಕಿ ಮನ್ಯಾಗ ಇದ್ರ ಸುಮಿತ ಇಲ್ಲೇ ಎಲ್ಲೋ ಹೊರಗ ಹೋಗ್ಯಾನ ಅಂತ ಅನಸತಿತ್ತು ಅಂವಗ.

ಫಕೀರವ್ವ ಗಟ್ಟಿ ಹೆಂಗಸು. "ಇನ್ನೂ ಮೂವತ್ತ ತುಂಬಿಲ್ಲ ಪೋರಿಗೆ. ಉಡಿಕಿ ಮಾಡಿ ಕೊಡೂಣು" ಅಂದ್ಳು. ಗಂಡ ಸತ್ತಾಕಿಗೆ ಮತ್ತೊಂದು ಮದುವಿ ಮಾಡಿದ್ರ ಅದಕ್ಕ ಉಡಿಕಿ ಅಂತಾರ. ಆಕಿನ ಅಲ್ಲಿ ಇಲ್ಲಿ ಕೇಳಿ, ಗಡಹಿಂಗ್ಲಜದ ಮಲ್ಲಾರಿ ಅನ್ನಾಂವನ್ನ ಹುಡಕಿದ್ಳು. ವೆಲ್ಡಿಂಗ ದುಕಾನ, ಹೆಂಡತಿ ತೀರಿಕೊಂಡಾಳ, ಕುಡಿಯೂದು ಗಿಡಿಯೂದು ಇಲ್ಲ. ಸಪನಾನೂ ಬ್ಯಾಡ ಅನ್ನಲಿಲ್ಲ.

ಮಾತುಕತಿ ದಿನ ಭಾವಕೀ ಹಿರ್‍ಯಾರು, ಅಂದ್ರ ಸಿದ್ದರಾಯನ ಅಣ್ಣತಮ್ಮಕಿಯವರು, ತಮ್ಮ ಪದ್ಧತಿ ತಗದ್ರು: ಉಡಿಕಿ ಆಗೂ ಹೆಂಗಸು ಹೊತ್ತ ಮುಣಗಿದ ಮ್ಯಾಲ, ಹಿತ್ತಲ ಬಾಗಲದಿಂದ, ಬರೇ ಕೈಲೆ ಹೋಗಬೇಕು. ಸಿದ್ದರಾಯಗ ಸಿಟ್ಟು ನೆತ್ತಿಗೇರಿತು.

"ನನ್ನ ಸೊಸಿ ಕಳ್ಳರಂಗ ಹೋಗಂಗಿಲ್ಲ. ಹಾಡಹಗಲಿ, ಮುಂಬಾಗಲದಿಂದ, ಸುಮಿತನ ಗಾಡ್ಯಾಗ ಹೋಗ್ತಾಳ. ಟೈರು ಹಾಕಿ ನಾನ ಕಳಸ್ತೇನಿ" ಅಂದ.

ಎಲ್ಲಾರೂ ಭೇಷ್ ಅಂದ್ರು. ಸಪನಾ ಸೆರಗು ಬಾಯಿಗಿಟ್ಟುಕೊಂಡು ಒಳಗ ಹೋದಳು.

ಮರುದಿನಾನ ಸಿದ್ದರಾಯ ಕೊಲ್ಹಾಪುರಕ್ಕ ಹೋಗಿ, ಶಾಹೂಪುರ್‍ಯಾಗ ಜೋತಿಬಾನ ಟೈರಿನ ಅಂಗಡಿ ಹೊಕ್ಕ. ಪಟ್ಟಿ ಮ್ಯಾಲಿನ ಸೈಜು ಹೇಳಿದ. ಜೋತಿಬಾ ಹಳೇ ಗೆಳ್ಯಾ. "ಆಹೇ ಕೀ ಮಾಮಾ", ಅದಾವಲಾ, ಅಂತ ಮರಾಠ್ಯಾಗ ಅಂದು ಎರಡು ೧೮೫, ಎರಡು ೨೦೫ ತಗದ ಕೊಟ್ಟ. ಸಂಜೀಕ ಟೆಂಪೋದಾಗ ತಂದು ದುಕಾನದಾಗ ಇಳಿಸಿಕೊಂಡ ಸಿದ್ದರಾಯ, ಸುದ್ದಿ ಹೇಳಬೇಕಂತನ ಮನಿಗೆ ಬಂದ. ಹೊಸ್ತಲದಾಗ ಸಪನಾ ನೀರಿನ ತಂಬಗಿ ಹಿಡದು ನಿಂತಿದ್ದಳು.

"ಕೈಕಾಲ ತೊಳಕೋರಿ ಮಾವಾರ. ಜುಣಕಾ ಮಾಡೇನಿ, ಬಿಸಿ ಐತಿ."

ಟೈರು ಬಂದಾವ ಅಂದ್ರ ನಾಳಿಗೆ ಈ ತಂಬಗಿ ಹಿಡಿಯಾಕ ಯಾರು?

"ಟೈರು ಸಿಗಲಿಲ್ಲವ್ವಾ" ಅಂದುಬಿಟ್ಟ.

ಬಾಯಿಂದ ಬಿದ್ದ ಮಾತು ಹೊಳ್ಳಿ ನುಂಗಾಕ ಬರ್ತೈತೇನು? ನಾಕೂ ಟೈರು ಟ್ರ್ಯಾಕ್ಟರಿನ ಹಳೇ ಟೈರುಗಳ ಹಿಂದ ನೂಕಿ, ಮ್ಯಾಲ ತಾಡಪತ್ರಿ ಹೊಚ್ಚಿದ. ಆಮ್ಯಾಲ ಆ ಸುಳ್ಳಿಗೆ ಒಂದು ಕಾರಣಾ ಹುಡಕಿದ. ಟ್ರಕ್ಕಿನ ಧಂದೇದಾಗ ಯಾರೂ ಪಟ್ಟಿ ನೋಡೂದಿಲ್ಲ. ಗಾಡಿ ಮ್ಯಾಲ ಇದ್ದ ಹಳೇ ಟೈರು ಓದಿ, ಅದ ಸೈಜು ಕೊಡೂದು ರೂಢಿ. ಅದನ್ನ ಹಿಡಕೊಂಡ. "ಸುಮಿತ ೨೨೫ ಹಾಕಿದ್ದ, ನಂಗ ೨೨೫ನ ಬೇಕು. ಅದು ಕೊಲ್ಹಾಪುರದಾಗ ಇಲ್ಲ, ಪುಣೇದಿಂದ ಬರಬೇಕಂತ" ಅಂತ ಮನ್ಯಾಗ ಹೇಳಿದ. ಮಗ ಬದುಕಿರೂತನಕ ಯಾವ ಸೈಜಿಗೆ ಬೈದಿದ್ನೋ, ಅದ ಸೈಜಿಗೆ ಈಗ ಜೋತು ಬಿದ್ದ.

ವಾರಕ್ಕೊಮ್ಮೆ ಸಪನಾ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿ ಕೊಡಾಕಿ. ಇಂವ ಕೊಲ್ಹಾಪುರಕ್ಕ ಹೋಗಿ, ಯಾವ ಅಂಗಡಿ ಕಡೆನೂ ಹಾಯದ, ರಂಕಾಳಾ ಕೆರಿ ದಂಡಿಗೆ ಕುಂತು ಬುತ್ತಿ ಉಂಡು, ಸಂಜೀ ಬಸ್ಸಿಗೆ ಹೊಳ್ಳಿ ಬರಾಂವ. "ಇವತ್ತೂ ಇಲ್ಲ" ಅನ್ನಾಂವ. ಆಕಿ "ಆತು ಬಿಡ್ರಿ" ಅನ್ನಾಕಿ. ಆಡೂ ಹುಡುಗರಿಗಿಂತ ಕಡಿ ಆಗಿತ್ತು ಅಂವನ ಬುದ್ಧಿ. ತಾನು ಮಾಡೂದು ಪಾಪ ಅಂತ ಅಂವಗೂ ಗೊತ್ತಿತ್ತು, ಆದ್ರ ಬಿಡಾಕ ಆಗಲಿಲ್ಲ.

ಆಷಾಢ ಹತ್ತರ ಬಂತು. ಒಂದಿನ ಮುಂಜಾನೆ ಮಲ್ಲಾರಿ ಫೋನ್ ಮಾಡಿದ. ಫಕೀರವ್ವ ಸ್ಪೀಕರಿಗೆ ಹಾಕಿ ನಡುವ ಇಟ್ಟಳು. ಸಪನಾ ಒಲಿ ಮುಂದ ಇದ್ದಳು.

"ಮಾಮಾ, ಆಷಾಢ ಕೂತ್ರ ಮತ್ತ ಮುಂದ ಹೋಗ್ತೈತ್ರಿ. ನಮ್ಮ ಮನ್ಯಾಗ ಬ್ಯಾರೆ ಕಡೆ ನೋಡೂಣು ಅನ್ನಾಕತ್ತಾರ. ನಂಗೇನೂ ಅವಸರ ಇಲ್ಲ. ಆದ್ರ ನಿಮಗ ಮನಸ್ಸ ಇಲ್ಲಂದ್ರ ಹೇಳಿಬಿಡ್ರಿ, ನಾ ಬ್ಯಾಸರ ಮಾಡಕೊಳ್ಳೂದಿಲ್ಲ."

ಸಿದ್ದರಾಯ "ನೋಡ್ತೇನಪಾ" ಅಂದ. ಫೋನ್ ಇಡೂದ ತಡಾ, ಫಕೀರವ್ವ ತಿರಗಿ ನಿಂತಳು.

"ಮಗಾ ಅಂತೂ ಹೋದ. ಈಕಿ ಬಾಳೇನೂ ಹೋಗ್ಲಿ ಅಂತೀರೇನು?"

ಸಪನಾ ಒಲಿ ಸಣ್ಣ ಮಾಡಿ, ಕೈ ಒರಸಿಕೊಂಡು, ಯಾರ ಮಾರಿನೂ ನೋಡದ ದುಕಾನಕ್ಕ ಹೋದಳು. ಸಿದ್ದರಾಯನೂ ಎದ್ದ. ಬೆನ್ನ ಹಿಂದ ಹೋಗಿ ನೋಡತಾನ, ಆಕಿ ನೆಟ್ಟಗ ಟ್ರ್ಯಾಕ್ಟರ್ ಟೈರಿನ ಹಿಂದ ಹೊಕ್ಕು ತಾಡಪತ್ರಿ ಸರಿಸಿ ನಿಂತಿದ್ದಳು.

"ಯಾವಾಗ ನೋಡಿದಿ?" ಅಂದ. ನೆಲಾ ನೋಡಕೊಂತ ಕೇಳಿದ.

"ಅಮವಾಸಿ ಪೂಜಾಕ್ಕ ಕಸಾ ಹೊಡಿಯುಮುಂದ. ನೀವು ತಂದು ಭಾಳ ದಿನಾ ಆಗಿರಲಿಲ್ಲ."

"ಮತ್ತ ಯಾಕ ಅನ್ನಲಿಲ್ಲ?"

ಸಪನಾ ಹೊಸಾ ಟೈರಿನ ಮ್ಯಾಲಿನ ಧೂಳಾ ಕೈಲೆ ಒರಸಿದಳು. "ಬುತ್ತಿ ಕಟ್ಟುಮುಂದ ಪ್ರತಿ ಸಲಾ ಬೇಡಕೋತಿದ್ದೆ ಮಾವಾರ. ಇವತ್ತೂ ನೀವು ಸುಳ್ಳ ಹೇಳಲಿ ಅಂತ."

ಸಿದ್ದರಾಯ ಅಲ್ಲೇ ಒಂದು ಟೈರಿನ ಮ್ಯಾಲ ಕುಂತ. ಆಕಿನೂ ಎದುರಿಗೆ ಕುಂತಳು.

"ಮಲ್ಲಾರಿ ಛಲೋ ಮನಷ್ಯಾ ಅದಾರ, ಸುಳ್ಳ ಯಾಕ ಹೇಳ್ಲಿ. ಆದ್ರ ಇಲ್ಲಿ ನಿಮ್ಮ ಮಗನ ಅಂಗಿ ಇನ್ನೂ ಗೂಟಕ್ಕ ಐತಿ. ನಾ ಹೋದ್ರ ಅತ್ತಿ ಅದನ್ನ ಮಡಚಿ ಟ್ರಂಕಿನ್ಯಾಗ ಇಡ್ತಾರ" ಅಂದ್ಳು. ಆಮ್ಯಾಲ, "ನೀವು ಇರು ಅಂದ್ರ ಇರ್ತೇನ್ರಿ" ಅಂದ್ಳು.

ಇರು. ಎರಡ ಅಕ್ಷರ. ಅಂವನ ನಾಲಿಗಿ ತುದೀತನಕ ಬಂದಿತ್ತು. ಅಂದಿದ್ರ ಆಕಿ ಎದ್ದು ಹೋಗಿ ಒಲಿ ದೊಡ್ಡದ ಮಾಡತಿದ್ದಳು, ಸಂಜೀಕ ತಂಬಗಿ ಹಿಡದು ನಿಂದ್ರತಿದ್ದಳು, ಹಂಗ ಮುದುಕಿ ಆಗತಿದ್ದಳು. ಸಿದ್ದರಾಯ ಆಕಿ ಮಾರಿ ನೋಡಿದ. ಹಣಿ ಬೋಳು, ಕೈ ಬೋಳು, ಕಣ್ಣಿನ ಬುಡಕ ಕರ್‍ರಗಾಗಿತ್ತು. ತನ್ನ ಹೊಟ್ಟಿ ಸಂಕಟಕ್ಕ ಈ ಪೋರಿನ್ನ ಕಟ್ಟಿ ಹಾಕೇನಿ ಅನಸಿ ಅಂವಗ ತನ್ನ ಮ್ಯಾಲ ಹೇಸಿಕಿ ಬಂತು.

"೨೦೫ ಹಿಂದ, ೧೮೫ ಮುಂದ" ಅಂದ. "ಜಾಕ್ ತಗೊಂಡ ಬಾ ಮಗಳ."

ಇಬ್ಬರೂ ಕೂಡಿ ಹಾಕಿದ್ರು. ಅಂವ ಗಾಲಿ ಬಿಚ್ಚಿ ಕೊಟ್ಟ, ಆಕಿ ನಟ್ಟು ಒಂದು ಡಬ್ಬ್ಯಾಗ ಹಿಡದಳು. ಸುಮಿತನ ೨೨೫ ಟೈರು ರಿಮ್ಮಿನಿಂದ ಕಿತ್ತು ಬರುಮುಂದ ಸಿದ್ದರಾಯ ಕಬ್ಬಿಣದ ಲಿವರು ಹಿಡದು ಹಂಗ ನಿಂತುಬಿಟ್ಟ. ಸಪನಾ ಲಿವರಿಗೆ ತಾನೂ ಕೈ ಹಚ್ಚಿದಳು. ಇಬ್ಬರೂ ಅಳಾಕತ್ತಿದ್ರು.

ಹೋಗೂ ದಿನಾ ಬಿಸಲ ಸ್ವಚ್ಛ ಬಿದ್ದಿತ್ತು. ಹೊಸಾ ಟೈರು ಹಾಕಿದ ಗಾಡಿ ಪೂಜಾ ಆಗದ ಹೊರಡೂದಿಲ್ಲ, ಅದು ದುಕಾನದ ಪದ್ಧತಿ. ಫಕೀರವ್ವ ಕುಂಕುಮದ ತಾಟು ತಂದು ಸಪನಾನ ಕೈಯಾಗ ಇಟ್ಟಳು. ಸಪನಾ ಹಿಂದ ಸರದಳು. ಸುಮಿತ ಹೋದಾಗಿನಿಂದ ಆಕಿ ಕುಂಕುಮ ಮುಟ್ಟಿದ್ದಿಲ್ಲ.

"ನೀನ ಹಚ್ಚು" ಅಂದ್ಳು ಫಕೀರವ್ವ. ನಾಕೂ ಟೈರಿಗೆ ಹಚ್ಚಿದ ಮ್ಯಾಲ, ತಾಟಿನ್ಯಾಗ ಉಳದ ಕುಂಕುಮಾ ತಗೊಂಡು ತಾನ ಆಕಿ ಹಣಿಗೆ ಇಟ್ಟಳು. ಆ ಗಟ್ಟಿ ಹೆಂಗಸು ಅವಾಗ ಒಡದು ಅತ್ತಳು.

ಗಾಡ್ಯಾಗ ಎರಡ ಸೀಟು, ಹೊಡಿಯಾಕಿ ಸಪನಾ. ಗಡಹಿಂಗ್ಲಜದಾಗ ಉಡಿಕಿ ಮಾಡಿಕೊಡಾಕ ಸಪನಾನ ಅಣ್ಣ ಕಾಯಾಕತ್ತಿದ್ದ. ಅತ್ತಿ, ಮಾವ ಇಬ್ಬರಾಗ ಒಬ್ಬರ ಹೋಗಬೇಕು. "ನೀ ಹೋಗು. ದುಕಾನ ಯಾರ ನೋಡ್ತಾರ" ಅಂದ ಸಿದ್ದರಾಯ. ಆ ದಿನಾ ದುಕಾನ ತಗದ ಇರಲಿಲ್ಲ.

ಸಪನಾ ಅಂವನ ಕಾಲಿಗೆ ಬಿದ್ದಳು. "ಹೊತ್ತಿಗೆ ಸರಿ ಉಣ್ರಿ ಮಾವಾರ" ಅಂದ್ಳು. ಅಂವ ಆಕಿ ತಲಿ ಮ್ಯಾಲ ಕೈ ಇಟ್ಟ. ಗಾಲಿ ಬುಡಕಿನ ಲಿಂಬಿಹಣ್ಣು ಒಡದು, ಗಾಡಿ ಗಲ್ಲ್ಯಾಗ ಮೆಲ್ಲಕ ಹೋತು.

ಗಲ್ಲಿ ಬಾಯ್ಯಾಗ ಸಪನಾ ಸ್ಟೇರಿಂಗ್ ಪೂರಾ ತಿರುವಿದಳು. ಸಿದ್ದರಾಯ ಉಸರ ಹಿಡಕೊಂಡು ಕಿವಿಗೊಟ್ಟು ನಿಂತ. ಎಷ್ಟೋ ಸಂಜೀ ಅದ ಜಾಗಾದಾಗ ಆ ಕರ್ರ್ ಕೇಳಿ ಬೈದಿದ್ದ ಮನಷ್ಯಾ, ಇವತ್ತ ಒಂದ ಸಲಾ ಅದು ಕೇಳಲಿ ಅಂತ ಕಾದ.

ಕೇಳಲಿಲ್ಲ. ಸೈಜು ಬರೋಬ್ಬರಿ ಇತ್ತು. ಟೈರು ಎಲ್ಲೂ ತಿಕ್ಕಲಿಲ್ಲ, ಗಾಡಿ ಸಪ್ಪಳ ಇಲ್ಲದ ತಿರಗಿ ಹೋತು.

ಸಿದ್ದರಾಯ ಗ್ವಾಡಿಗೆ ಆನಿಸಿ ಇಟ್ಟಿದ್ದ ಮಗನ ಹಳೇ ಟೈರಿನ ಬಾಜೂಕ ಹೋಗಿ ಕುಂತು, ಅದರ ಮ್ಯಾಲ ತಲಿ ಇಟ್ಟು ಅತ್ತ.