ಗಿಟಾರಿನ ಕೊರಳಿಗೆ ಎಲಾಸ್ಟಿಕ್

"ಇದು ಕೊಳಲಾ? ಗಂಟಲಲ್ಲಿ ನೀರು ಸಿಕ್ಕಿಕೊಂಡ ಬಾತುಕೋಳಿ ಇದ್ದಂಗಿದೆಯಪ್ಪಾ," ಎಂದರು ಅಕ್ಕನ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಡ್ರಮ್ಸ್ ಹಿಂದೆ ಕೂತಿದ್ದ ಭಾವ.

ನಾನು ಹಲ್ಲು ಕಚ್ಚಿಕೊಂಡು ಕಾಲ ಬುಡದ ಹೊಸ ಸಿಂಥ್ ಪೆಡಲನ್ನು ಇನ್ನೊಮ್ಮೆ ಒತ್ತಿದೆ. ಎಲೆಕ್ಟ್ರಿಕ್ ಗಿಟಾರಿನ ನಾದ ಹಿಡಿದು ಅದನ್ನು ಕೊಳಲೋ ಆರ್ಗನ್ನೋ ಮಾಡಿ ಹೊರಗೆ ಬಿಡುವುದು ಅದರ ಕೆಲಸ. ಕೊಳಲಿನ ನಾದ ಕೊಡಬೇಕಿದ್ದ ನಮ್ಮ ಕೀಬೋರ್ಡಿನವನು ಮಣಿಕಟ್ಟು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ. ಸಂಜೆ ನಾಲ್ಕಕ್ಕೆ ಗ್ರಂಥಾಲಯದ ಅಂಗಳದಲ್ಲಿ ಕಾರ್ಯಕ್ರಮ. ಅಕ್ಕನ ಹಾಡು ಶುರುವಾಗುವುದೇ ಕೊಳಲಿನಿಂದ; ಆ ಎಂಟು ಸ್ವರ ಕೇಳಿಯೇ ಅವಳು ಶ್ರುತಿ ಹಿಡಿಯಬೇಕು.

ಇಪ್ಪತ್ತು ವರ್ಷದಿಂದ ಅಕ್ಕ ಹೊಲಿಗೆ ಮಿಷನ್ನಿನ ಎದುರು ಹಾಡಿದ್ದಾಳೆ, ಮನುಷ್ಯರೆದುರು ಹಾಡಿದ್ದಿಲ್ಲ. ಅಂಗಡಿ ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಸದ್ದಾದರೆ ಸಾಕು, ಅರ್ಧ ಸಾಲಿಗೇ ಬಾಯಿ ಮುಚ್ಚಿಬಿಡುತ್ತಿದ್ದಳು. ಇವತ್ತಿನ ಕಾರ್ಯಕ್ರಮಕ್ಕೆ ಹೇಗೋ ಒಪ್ಪಿಕೊಂಡಿದ್ದಳು.

"ನನ್ನ ಹಾಡು ಕೈಬಿಡಿ, ಪರವಾಗಿಲ್ಲ," ಎಂದಳು. ದನಿಯಲ್ಲಿ ಬೇಸರಕ್ಕಿಂತ ನೆಮ್ಮದಿಯೇ ಹೆಚ್ಚಿತ್ತು.

"ನೋಡಪ್ಪಾ, ನಿಮ್ಮಕ್ಕ ಜಾರ್ಕೊಳ್ತಿದ್ದಾಳೆ," ಎಂದರು ಭಾವ.

"ಅದಕ್ಕೆ ಏನಂತೆ ರೋಗ?" ಎಂದು ಅಕ್ಕ ಪೆಡಲ್ ಕಡೆ ಬಗ್ಗಿದಳು.

"ಒಂದು ಸಲಕ್ಕೆ ಒಂದೇ ತಂತಿ ಕೇಳಿಸ್ಕೊಳ್ಳತ್ತೆ ಅಕ್ಕಾ. ನಾನು ಒಂದನ್ನೇ ಮೀಟಿದ್ರೂ ಪಕ್ಕದವು ಸುಮ್ನಿರಲ್ಲ, ಗುಂಯ್ ಅಂತಾವೆ. ಯಾರ ಮಾತು ಕೇಳ್ಬೇಕೋ ಗೊತ್ತಾಗ್ದೆ ಬಿಕ್ಕತ್ತೆ."

"ನಮ್ಮನೇಲಿ ನನ್ನ ಸ್ಥಿತಿನೂ ಅದೇ," ಎಂದರು ಭಾವ.

ಅಕ್ಕ ನಗಲಿಲ್ಲ. ಬಟ್ಟೆಯ ವಿಷಯ ಬಂದಾಗ ಅವಳ ಹುಬ್ಬು ಗಂಟಾಗುತ್ತದಲ್ಲ, ಹಾಗಾಯಿತು. ದಡದಡ ಕೆಳಗಿನ ಅಂಗಡಿಗಿಳಿದು, ಎರಡು ಬೆರಳಗಲದ ಎಲಾಸ್ಟಿಕ್ಕಿಗೆ ಮೆತ್ತನೆಯ ಬಟ್ಟೆ ಸುತ್ತಿ ನಾಲ್ಕು ಹೊಲಿಗೆ ಹಾಕಿಕೊಂಡು ಬಂದಳು. ಗಿಟಾರಿನ ಕೊರಳ ತುದಿಯಲ್ಲಿ, ಬಿರಡೆಗಳ ಕೆಳಗೆ, ಆರೂ ತಂತಿ ಸೇರಿಸಿ ಬಿಗಿದು ಕೊಕ್ಕೆ ಸಿಕ್ಕಿಸಿದಳು.

"ಉಸಿರು ಕಟ್ಟತ್ತೇನಮ್ಮಾ?" ಎಂದು ಗಿಟಾರನ್ನೇ ಕೇಳಿದಳು, ಗಿರಾಕಿಯನ್ನು ಕೇಳುವ ಹಾಗೆ.

ಹದಿನೈದು ವರ್ಷ ಆರೂ ತಂತಿ ಒಟ್ಟಿಗೆ ಬಾರಿಸಿ ಕೆಟ್ಟ ಕೈ ನನ್ನದು. ಅದನ್ನು ಹಿಡಿತದಲ್ಲಿಟ್ಟು ಒಂದೊಂದಾಗಿ ಮೀಟಿದೆ. ಬೆರಳೊತ್ತಿದ ತಂತಿಯಷ್ಟೇ ನುಡಿಯಿತು, ಪಕ್ಕದವು ತುಟಿ ಬಿಚ್ಚಲಿಲ್ಲ. ಪೆಡಲ್ ಕೂದಲೆಳೆಯಷ್ಟು ತಡವಾಗಿ, ಯೋಚಿಸಿ ಮಾತಾಡುವ ಹಿರಿಯರ ಹಾಗೆ, ಎಂಟೂ ಸ್ವರಗಳನ್ನು ಸ್ವಚ್ಛವಾಗಿ ಊದಿತು.

ಭಾವ ಕೋಲು ಕೆಳಗಿಟ್ಟರು. "ಬಾತುಕೋಳಿ ಎಲ್ಲಿಗೆ ಹೋಯ್ತೋ?"

ಅಕ್ಕನ ಮುಖ ಬಿಳಿಚಿಕೊಂಡಿತ್ತು. ತಪ್ಪಿಸಿಕೊಳ್ಳುವ ದಾರಿಯನ್ನು ತಾನೇ ಹೊಲಿದು ಮುಚ್ಚಿದ್ದಳು.

"ಇನ್ನೇನಾದ್ರೂ ನೆಪ ಉಳಿದಿದೆಯಾ?" ಎಂದರು ಭಾವ, ಮೆಲ್ಲಗೆ.

"ಇಲ್ಲ," ಎಂದಳು. "ಬಾರ್ಸು ಕಣೋ."

ಬಾರಿಸಿದೆ. ಅವಳು ಕಣ್ಣು ಮುಚ್ಚಿ ಹಾಡಿದಳು. ಮೊದಲ ಚರಣದ ನಡುವೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಗಿರಾಕಿಯೊಬ್ಬಳು ಹೊಲಿಗೆಯ ಚೀಟಿ ಹಿಡಿದು ಬಾಗಿಲಲ್ಲಿ ನಿಂತಳು. ಅಕ್ಕ ಕಣ್ಣು ತೆರೆದಳು, ಅವಳನ್ನು ನೋಡಿದಳು, ಸ್ವಲ್ಪ ತಾಳು ಎಂಬಂತೆ ಅಂಗೈ ಎತ್ತಿ, ಎರಡನೆಯ ಚರಣಕ್ಕೆ ಹೋದಳು.