ಹೂಂಗುಟ್ಟಿದವನು

ಹೆಂಡತಿ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಅವನು "ಹೂಂ" ಎಂದ.

ಬೆಂಚಿನ ಕೆಳಗೆ ಪಂಪು ಗಡಗಡ ಎನ್ನುತ್ತಿತ್ತು. ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ ಎನ್ನುವುದು ಮನೆಯವರಿಗೆಲ್ಲ, ಅಂದರೆ ಇಬ್ಬರಿಗೂ, ಗೊತ್ತಿತ್ತು. ಆದರೂ ಅವಳು ಹೇಳುತ್ತಿದ್ದಳು, ಅವನು ಹೂಂಗುಡುತ್ತಿದ್ದ. ತುಟಿ ನಿಂತರೆ ಹೂಂ. ಹುಬ್ಬು ಮೇಲೇರಿದ್ದರೆ "ಆಗಲಿ". ಇಷ್ಟು ವ್ಯಾಕರಣ ಗೊತ್ತಿದ್ದರೆ ಸಂಸಾರ ನಡೆಯುತ್ತದೆ ಎಂದು ಅವನು ಕಂಡುಕೊಂಡಿದ್ದ.

ಇವತ್ತು ಅವಳು ಹೋಗಲಿಲ್ಲ. ಹತ್ತಿರ ಬಂದು, ಹೆಗಲ ಮೇಲೆ ಕೈಯಿಟ್ಟು, ಕಿವಿಯ ಬಳಿ ಬಾಗಿದಳು. "ಊಟದ ಹೊತ್ತಿಗೆ ಬರ್ತಾಳೆ. ನೆನಪಿದೆಯಲ್ಲ?"

"ನೆನಪಿಲ್ದೆ ಏನು?"

"ನಿಮ್ಮಂಥೋರು ಸಿಗೋಕೆ ಪುಣ್ಯ ಮಾಡಿರ್ಬೇಕು ನಾನು."

ಕೈ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಹೋದಳು. ಬರುವವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಕೆಲಸ ಬಿಟ್ಟಮೇಲೆ ಮನೆಯ ಹಿಂದಿನ ಕಾರ್ ಶೆಡ್ಡು ಅವನ ಪ್ರಪಂಚವಾಗಿತ್ತು. ಅಜ್ಜಂದಿರ ಕಾಲದ ರೇಡಿಯೋಗಳಿಗೆ ಬೇಕಾದ ವಾಲ್ವ್‌ಗಳನ್ನು ಅವನು ಕೈಯಲ್ಲೇ ಮಾಡುತ್ತಿದ್ದ. ಗಾಜು ಊದುವುದು, ಕೂದಲೆಳೆಯಂಥ ತಂತಿ ಸುತ್ತುವುದು, ತಗಡು ಬಗ್ಗಿಸುವುದು, ಎಲ್ಲವನ್ನೂ ಗಾಜಿನ ಬುರುಡೆಯೊಳಗೆ ನಿಲ್ಲಿಸಿ ಬೆಂಕಿಯಲ್ಲಿ ಬಾಯಿ ಮುಚ್ಚುವುದು. ಇಷ್ಟಾದಮೇಲೆ, ಉಳಿಸಿಕೊಂಡ ಸಣ್ಣ ಕೊಳವೆಯೊಂದರಿಂದ ಒಳಗಿನ ಗಾಳಿ ತೆಗೆಯಬೇಕು. ಅದು ಬೆಳಗಿನಿಂದ ಸಂಜೆಯವರೆಗಿನ ಕೆಲಸ. ಬುರುಡೆಯ ಗಾಳಿ ಬೇಗ ಹೊರಡುತ್ತದೆ. ಲೋಹದ ಹೊಟ್ಟೆಯಲ್ಲಿ ಅಡಗಿ ಕೂತದ್ದು ಹೊರಡುವುದಿಲ್ಲ. ಅದನ್ನು ಕೆಂಪಗೆ ಕಾಯಿಸಬೇಕು, ಕಾಯಿಸುತ್ತಲೇ ಎಳೆಯಬೇಕು. ನಡುವೆ ಪಂಪು ನಿಂತರೆ ಮಾಡಿದ್ದೆಲ್ಲ ಮಣ್ಣುಪಾಲು.

ಹಾಗಾಗಿ ಪಂಪನ್ನು ಯಾರೂ ನಿಲ್ಲಿಸು ಎನ್ನುವಂತಿರಲಿಲ್ಲ. ಈ ಸೌಕರ್ಯ ಅವನಿಗೆ ವಾಲ್ವ್‌ಗಳಿಗಿಂತ ಹೆಚ್ಚು ಪ್ರಿಯವಾಗಿತ್ತು.

ಆದರೆ ಕೆಲವು ದಿನಗಳಿಂದ ಹೆಂಡತಿ ಬದಲಾಗಿದ್ದಳು. ಅವನ ಅಂಗಿಗಳಿಗೆಲ್ಲ ಗುಂಡಿ ಬಂದಿತ್ತು. ಅಡುಗೆಮನೆಯಿಂದ ಗುನುಗು ಕೇಳುತ್ತಿತ್ತು. ಮಲಗಿದಾಗ ಅವಳ ಕೈ ತಾನಾಗಿ ಬಂದು ಅವನ ಎದೆಯ ಮೇಲೆ ಕೂರುತ್ತಿತ್ತು. ತಡವಾಗಿ ಹಣ್ಣಾದ ದಾಂಪತ್ಯ ಎಂದು ಅವನು ಸುಮ್ಮನಿದ್ದ. ಈಗ, ಹೆಗಲಿನಲ್ಲಿ ಆ ಕೈಯ ಬಿಸಿ ಇನ್ನೂ ಉಳಿದಿರುವಾಗ, ಮೊದಲ ಬಾರಿಗೆ ಭಯವಾಯಿತು. ಏನೋ ಒಂದಕ್ಕೆ ಅವಳು ಕೃತಜ್ಞಳಾಗಿದ್ದಾಳೆ. ಯಾವುದಕ್ಕೆ?

ಜೇಬಿನಲ್ಲಿ ಫೋನು ನಡುಗಿತು. ಷಡ್ಡಕ. ಹೆಂಡತಿಯ ಅಕ್ಕ ಕಳೆದ ಚಳಿಗಾಲದಲ್ಲಿ ತೀರಿಕೊಂಡ ಮೇಲೆ ಅವನ ಮಾತು ಅಪರೂಪವಾಗಿತ್ತು. ಇವನು ಅಂಗಳಕ್ಕೆ ಹೋದ.

"ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ ಕಣಯ್ಯ," ಷಡ್ಡಕನ ದನಿ ಒದ್ದೆಯಾಗಿತ್ತು.

"ಏನೂ ಹೇಳ್ಬೇಡ."

"ನನ್ನವಳು ಇದ್ದಿದ್ರೆ ನಿನ್ನ ಕೈ ಹಿಡ್ಕೊಂಡು ಅಳ್ತಿದ್ಳು. ದೊಡ್ಡ ಮನಸ್ಸು ಮಾಡ್ದೆ ನೀನು."

"ಅದ್ರಲ್ಲೇನಿದೆ."

"ಅದ್ರಲ್ಲೇನಿದೆ ಅಂತೀಯಲ್ಲ, ಅದೇ ನಿನ್ನ ದೊಡ್ಡತನ. ಬೇರೆ ಯಾರಾದ್ರೂ ಆಗಿದ್ರೆ ಮನೆ ರಣರಂಗ ಆಗೋದು." ಮೂಗು ಒರೆಸಿಕೊಂಡ ಸದ್ದು. "ಹುಡುಗಿ ಬಸ್ ಹತ್ತಿದ್ಲು. ಹೆದರ್ಕೊಂಡಿದಾಳೆ."

"ಯಾರಿಗೆ?"

"ನಿನಗೇ. ಇನ್ಯಾರಿಗೆ?"

ಬರುವವಳು ಷಡ್ಡಕನ ಮಗಳು ಎಂದಾಯಿತು. ಅವನಿಗೆ ಸ್ವಲ್ಪ ಉಸಿರು ಬಂತು. ಈ ಊರಲ್ಲಿ ಕೆಲಸ ಸಿಕ್ಕಿರಬೇಕು, ಇಲ್ಲೇ ಇರುತ್ತಾಳೆ. ಅಷ್ಟಕ್ಕೆ ರಣರಂಗ ಯಾಕೆ? ಯಾರನ್ನೋ ಪ್ರೀತಿಸಿರಬಹುದು. ಏನೋ ಎಡವಟ್ಟು ಮಾಡಿಕೊಂಡಿರಬಹುದು. ಮಾಡಿಕೊಳ್ಳಲಿ. ತಾನು ಹಳೇ ಕಾಲದವನಲ್ಲ. ಇಂಥ ವಿಷಯಗಳಲ್ಲಿ ತಾನು ವಿಶಾಲ ಮನಸ್ಸಿನವನು ಎನ್ನುವುದನ್ನು ತೋರಿಸಲು ಈವರೆಗೆ ಯಾರೂ ಅವಕಾಶ ಕೊಟ್ಟಿರಲಿಲ್ಲ, ಅಷ್ಟೆ.

ಅಡುಗೆಮನೆಗೆ ಹೋಗಿ ನೀರು ಕುಡಿಯುವ ನೆಪದಲ್ಲಿ ಕೇಳಿದ: "ಎಷ್ಟು ದಿನ ಇರ್ತಾಳೆ?"

ಹೆಂಡತಿಯ ಚಾಕು ಹಲಗೆಯ ಮೇಲೆ ನಿಂತಿತು. "ಎಷ್ಟು ದಿನ ಅಂದ್ರೆ?"

"ಅಲ್ಲ, ಮೇಲಿನ ರೂಮು ಚಿಕ್ಕದು ಅಂತ..."

"ನಿಮ್ಮ ಮನಸ್ಸು ಬದಲಾಯ್ತಾ?"

"ಛೆ, ಇಲ್ಲ."

"ಆವತ್ತು ನೀವೇ ಅಂದ್ರಲ್ಲ. ಹಳೇದಾಯ್ತು, ಇನ್ನೇನು ಮಾಡೋಕಾಗುತ್ತೆ, ಇರಲಿ ಬಿಡು ಅಂತ." ಅವಳ ಕಣ್ಣು ತುಂಬಿತ್ತು. "ಆ ಮಾತಿನ ಮೇಲೇ ನಾನು ನಿಂತಿರೋದು."

ಅವನಿಗೆ ಆ ಮಾತು ನೆನಪಿತ್ತು. ವಾಷಿಂಗ್ ಮಷೀನಿನ ಬಗ್ಗೆ ಆಡಿದ್ದು.

ಆ ವಾರ ಮಷೀನು ಕೆಟ್ಟಿತ್ತು. ಅವನು ವಾಲ್ವೊಂದರ ಕೊನೆಯ ಹಂತದಲ್ಲಿದ್ದ. ಬುರುಡೆಯ ಸುತ್ತ ತಾಮ್ರದ ಸುರುಳಿ ಇಳಿಸಿ ಕಾಯಿಸುತ್ತಿದ್ದಂತೆ ಒಳಗಿನ ಲೋಹದ ಚೂರು ಆವಿಯಾಗಿ ಗಾಜಿನ ಒಳಮೈಗೆ ಕನ್ನಡಿಯಂತೆ ಹತ್ತಿಕೊಳ್ಳುವ ಗಳಿಗೆ. ಕಣ್ಣು ಹೆಚ್ಚು ಹೊತ್ತು ಆಚೀಚೆ ಹೋಗುವಂತಿಲ್ಲ. ಅವಳು ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ತುಟಿ ಅಲ್ಲಾಡುತ್ತಲೇ ಇತ್ತು. ಕಣ್ಣು ಕೆಂಪಾಗಿದ್ದನ್ನು ಕಂಡು ಹೊಗೆ ಇರಬೇಕು ಎಂದುಕೊಂಡಿದ್ದ. ಮಷೀನಿಗಾಗಿ ಇಷ್ಟು ಹೊತ್ತು ಗೊಣಗಬೇಕೇ ಎಂದು ಬೇಸರವೂ ಆಗಿತ್ತು. ತುಟಿ ನಿಂತಾಗ, ಸದ್ದನ್ನು ಮೀರಿ ಕೂಗಿ ಹೇಳಿದ್ದ: ಹಳೇದಾಯ್ತು, ಇನ್ನೇನು ಮಾಡೋಕಾಗುತ್ತೆ, ಇರಲಿ ಬಿಡು. ಅವಳು ಅಲ್ಲೇ ಬಾಗಿಲಿಗೆ ಒರಗಿ ಕೂತುಬಿಟ್ಟಿದ್ದಳು. ಅವನು ನೋಡಿದ್ದು ಗಾಜಿನಲ್ಲಿ ಮೂಡುತ್ತಿದ್ದ ಕನ್ನಡಿಯನ್ನು.

"ಹೌದು. ಅಂದಿದ್ದೆ," ಎಂದ. ನೀರಿನ ಲೋಟ ಕೆಳಗಿಟ್ಟ.

ಹುಡುಗಿ ಬಂದಾಗ ಅವನು ಕೈ ತೊಳೆದುಕೊಂಡು ನಡುಮನೆಯಲ್ಲಿ ನಿಂತಿದ್ದ, ವಿಶಾಲ ಮನಸ್ಸಿಗೆ ತಕ್ಕ ಮುಖ ಮಾಡಿಕೊಂಡು. ಚಿಕ್ಕವಳಿದ್ದಾಗಿನಿಂದ ಕಂಡ ಹುಡುಗಿ. ರಜಕ್ಕೆ ಬಂದರೆ "ಚಿಕ್ಕಪ್ಪ, ಗಾಜು ಊದಿ ತೋರ್ಸಿ" ಎಂದು ಕಾಡುತ್ತಿದ್ದವಳು. ಈಗ ಸೂಟ್‌ಕೇಸು ಹಿಡಿದು ಹೊಸ್ತಿಲ ಆಚೆಯೇ ನಿಂತಿದ್ದಳು. ಹೆಂಡತಿ ಎರಡು ಹೆಜ್ಜೆ ಮುಂದೆ ಹೋದಳು.

"ಅಮ್ಮಾ," ಎಂದಳು ಹುಡುಗಿ.

ಬಾಯಿ ತಪ್ಪಿರಬೇಕು. ಹುಟ್ಟಿದಾಗಿನಿಂದ ಅವಳು ಕರೆದದ್ದು ಚಿಕ್ಕಮ್ಮ ಎಂದು. ತಿದ್ದಿಕೊಳ್ಳುತ್ತಾಳೆ ಎಂದು ಅವನು ಕಾದ. ಯಾರೂ ತಿದ್ದಲಿಲ್ಲ. ಇಬ್ಬರೂ ಹಣೆಗೆ ಹಣೆ ಹಚ್ಚಿ ನಿಂತಿದ್ದರು. ಎರಡೂ ಒಂದೇ ಹಣೆ. ಎಡಹುಬ್ಬಿನ ಮೇಲೆ ಅದೇ ಸುಳಿ. ಇಷ್ಟು ವರ್ಷ ನೋಡಿಯೂ ಅವನು ನೋಡಿರಲಿಲ್ಲ.

ಅಕ್ಕನ ಮಗಳಲ್ಲ. ಇವಳ ಮಗಳು. ಮದುವೆಗೆ ಮೊದಲಿನವಳು. ಅಕ್ಕ ಭಾವ ತಮ್ಮದೆಂದು ಸಾಕಿದ್ದು. ಹೆಂಡತಿ ಪಂಪಿನ ಸದ್ದಿನಲ್ಲಿ ಹೇಳಿದ್ದು ಇದು. ಅವನು ಕ್ಷಮಿಸಿದ್ದು ಇದನ್ನು.

ಅವನಿಗೆ ತನ್ನ ಮದುವೆಯ ದಿನ ನೆನಪಾಯಿತು. ಮದುಮಗಳ ತೊಡೆ ಬಿಟ್ಟು ಇಳಿಯದೆ ಒಂದು ಪುಟ್ಟ ಮಗು ರಂಪ ಮಾಡಿತ್ತು. ಎಲ್ಲರೂ ನಕ್ಕಿದ್ದರು. ಕೊನೆಗೆ ಅವನೇ ಜೇಬಿನಿಂದ ಚಾಕೊಲೇಟು ತೆಗೆದು ತೋರಿಸಿ ಮಗುವನ್ನು ಇಳಿಸಿದ್ದ. ಜಾಣ ಅಳಿಯ ಎಂದು ಯಾರೋ ಬೆನ್ನು ತಟ್ಟಿದ್ದರು.

ಊಟಕ್ಕೆ ಕೂತರು. ಹುಡುಗಿ ಬಡಿಸಿಕೊಂಡದ್ದನ್ನೆಲ್ಲ ಬೇಗ ಬೇಗ ತಿಂದಳು.

"ಅಮ್ಮ ಹೋಗೋಕ್ಕೆ ಮುಂಚೆ ಎಲ್ಲ ಹೇಳಿದ್ಲು. ಅಂದ್ರೆ... ದೊಡ್ಡಮ್ಮ." ಹುಡುಗಿ ತಡವರಿಸಿದಳು. "ನಾನು ಆವಾಗ್ಲೇ ಬರ್ಬೇಕು ಅಂತಿದ್ದೆ. ನೀವು ಏನಂತೀರೋ ಅಂತ..."

"ಅವರೇನೂ ಅನ್ನಲ್ಲ," ಎಂದಳು ಹೆಂಡತಿ. "ಹೇಳಿದ್ನಲ್ಲ."

"ನೀವಂದ ಮಾತನ್ನ ಅಮ್ಮ ಫೋನಲ್ಲಿ ಹೇಳಿದಾಗ ನಾನು ಅತ್ತುಬಿಟ್ಟೆ, ಗೊತ್ತಾ?"

ಅವನು ಅಗಿಯುತ್ತಿದ್ದ. ಸತ್ತವಳು ತನ್ನ ಹುದ್ದೆ ಕಳೆದುಕೊಂಡಿದ್ದಾಳೆ. ಬದುಕಿದ್ದವಳಿಗೆ ಬಡ್ತಿ ಸಿಕ್ಕಿದೆ. ತಾನು ಮಾತ್ರ ಎಲ್ಲಿದ್ದೆನೋ ಅಲ್ಲೇ.

ಅವನು ಕೋಪವನ್ನು ಹುಡುಕಿದ. ಇರಲೇಬೇಕು. ಇಂಥದಕ್ಕೆ ಗಂಡಸಾದವನು ತಟ್ಟೆ ಎತ್ತಿ ಎಸೆಯಬೇಕು. ಆದರೆ ಆ ಹಕ್ಕನ್ನು ಅವನು ಆಗಲೇ, ತನಗೇ ತಿಳಿಯದಂತೆ, ವಾಷಿಂಗ್ ಮಷೀನಿನ ಮೇಲೆ ಖರ್ಚು ಮಾಡಿಬಿಟ್ಟಿದ್ದ. ಕೋಪದ ಜಾಗದಲ್ಲಿ ಇನ್ನೊಂದು ವಿಷಯ ಮೆಲ್ಲಗೆ ತಲೆಯೆತ್ತಿತು.

ಅವರಿಗೆ ಮಕ್ಕಳಾಗಿರಲಿಲ್ಲ. ಡಾಕ್ಟರು ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದಿದ್ದರು. ಅವನು ಇವತ್ತು ನಾಳೆ ಎಂದಿದ್ದ. ಅವಳೇ "ಬೇಡ ಬಿಡಿ, ನನ್ನದೇ ಇರ್ಬೇಕು" ಎಂದು ಮಾತು ಮುಗಿಸಿದ್ದಳು. ನೆಂಟರು ಅವಳ ಹೊಟ್ಟೆಯನ್ನು ನೋಡಿ ನಿಟ್ಟುಸಿರುಬಿಟ್ಟಾಗ ಅವಳು ತಲೆ ತಗ್ಗಿಸಿದ್ದಳು. ಅವನು ಒಂದು ದಿನವೂ ಅವಳನ್ನು ಅದಕ್ಕಾಗಿ ಆಡಿಕೊಂಡವನಲ್ಲ. ತನ್ನ ಬದುಕಿನಲ್ಲಿ ಒಂದು ದೊಡ್ಡ ಗುಣ ಇದ್ದರೆ ಅದು ಇದೇ ಎಂದು ಅವನು ಒಳಗೊಳಗೇ ನಂಬಿಕೊಂಡು ಬಂದಿದ್ದ.

ಕೊರತೆ ಯಾರದೆಂದು ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. ಪುರಾವೆ ಎದುರಿಗೆ ಕೂತು ಮೊಸರು ಕಲಸಿಕೊಳ್ಳುತ್ತಿತ್ತು.

"ನಿಮ್ಮನ್ನ ಏನಂತ ಕರೀಲಿ?" ಹುಡುಗಿ ತಟ್ಟೆ ನೋಡುತ್ತ ಕೇಳಿದಳು. "ಚಿಕ್ಕಪ್ಪ ಅಂದ್ರೆ ಇನ್ಮೇಲೆ ಸರಿಹೋಗಲ್ಲ, ಅಲ್ವಾ?"

ಹೆಂಡತಿ ತಲೆಯೆತ್ತಲಿಲ್ಲ.

"ಪಂಪು ಓಡ್ತಿದೆ," ಎಂದು ಅವನು ಎದ್ದ. "ನೋಡ್ಬೇಕು."

ಹುಡುಗಿ ಹಿಂದೆಯೇ ಶೆಡ್ಡಿಗೆ ಬಂದಳು. ಅವನು ಸುರುಳಿ ಇಳಿಸಿದ. ಬುರುಡೆಯೊಳಗಿನ ತಗಡು ಮೆಲ್ಲಗೆ ಕೆಂಪಾಯಿತು. ಅವಳು ಬಾಗಿ, ಅವನ ಕಿವಿಗೆ ಕೂಗಿದಳು: "ಈಗ ಒಳಗೆ ಏನಿದೆ?"

"ಏನೂ ಇಲ್ಲ."

"ಏನೂ ಇಲ್ದೇ ಇರೋಕೆ ಇಷ್ಟು ಕಷ್ಟಾನಾ?" ನಕ್ಕಳು. ತಾಯಿಯ ನಗು.

"ಆವತ್ತು ನನಗೆ ಕೇಳಿಸಿರ್ಲಿಲ್ಲ," ಎಂದ ಅವನು, ಮಾಮೂಲು ದನಿಯಲ್ಲಿ.

"ಆಂ?"

"ಏನಿಲ್ಲ. ಹೋಗಿ ಸುಧಾರಿಸ್ಕೋ."

ಅವಳು ಮೇಲಿನ ರೂಮಿನಲ್ಲಿ ಬಟ್ಟೆ ಜೋಡಿಸತೊಡಗಿದ ಮೇಲೆ ಅವನು ಒಳಗೆ ಬಂದ. ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದ.

"ಪಂಪು ಓಡೋವಾಗ ಯಾಕೆ ಹೇಳ್ದೆ?"

ಅವಳು ಒದ್ದೆ ಕೈಗಳನ್ನು ನೋಡಿಕೊಂಡಳು. "ಅದು ನಿಂತಿದ್ರೆ ನನ್ನಿಂದ ಹೇಳೋಕಾಗ್ತಿರ್ಲಿಲ್ಲ. ನನ್ನ ಮಾತು ನನಗೇ ಕೇಳಿಸ್ಬಾರ್ದಿತ್ತು."

ಅವಳು ತಟ್ಟನೆ ಮುಖವೆತ್ತಿದಳು. ಬಣ್ಣ ಇಳಿದಿತ್ತು.

"ನಿಮಗೆ ಕೇಳಿಸ್ತಲ್ವಾ?"

ಮೇಲೆ ಕಪಾಟಿನ ಬಾಗಿಲು ತೆಗೆದ ಸದ್ದು. ಹುಡುಗಿ ಏನೋ ಹಾಡಿಕೊಳ್ಳುತ್ತಿದ್ದಳು. ಹೇಳುವುದಾದರೆ ಈಗ. ಒಂದು ಮಾತು ಸಾಕು. ಆ ಮಾತು ಬಾಯಿಗೆ ಬಂತು, ನಾಲಿಗೆಯ ಮೇಲೆ ಅದರ ತೂಕ ಗೊತ್ತಾಯಿತು. ಅವಳು ಸಿಂಕಿನ ಅಂಚನ್ನು ಹಿಡಿದುಕೊಂಡಿದ್ದಳು.

"ಕೇಳಿಸ್ತು," ಎಂದ.

ಅವಳು ಉಸಿರುಬಿಟ್ಟು ಅವನ ಎದೆಗೆ ತಲೆಯಿಟ್ಟಳು. ಒದ್ದೆ ಕೈಯ ನೀರು ಅಂಗಿಯೊಳಗೆ ಇಳಿಯಿತು. ಎಲ್ಲ ಗುಂಡಿಗಳೂ ಭದ್ರವಾಗಿದ್ದವು.

"ಗಾಜು ಕಾಯಿಸೋ ಬೆಂಕಿಗೆ ಆಕ್ಸಿಜನ್ ಸಿಲಿಂಡರ್ ಮುಗಿದಿದೆ. ಹೋಗಿಬರ್ತೀನಿ. ಪಂಪು ನಿಲ್ಲಿಸ್ಬೇಡ," ಎಂದ. ಸಿಲಿಂಡರ್ ಇಲ್ಲದೆ ಬರಿಗೈಯಲ್ಲಿ ಗೇಟು ದಾಟಿದ್ದನ್ನು ಅವಳು ಕಂಡಳು. ಏನೂ ಕೇಳಲಿಲ್ಲ. ಅಂಥ ಗಂಡನನ್ನು ಯಾಕೆ ಕೇಳಬೇಕು?

ಎಲ್ಲಿಗೆಂದು ತಿಳಿಯದೆ ನಡೆದ. ರಸ್ತೆಯ ತಿರುವಿನಾಚೆ ರೈಲ್ವೆ ಗೇಟು ಹಾಕಿತ್ತು. ರೈಲು ಹೋಗಿ ಬಹಳ ಹೊತ್ತಾದಂತಿತ್ತು. ಹಳಿಗಳ ನಡುವೆ ನಾಯಿಯೊಂದು ಮೈ ಕೆರೆದುಕೊಳ್ಳುತ್ತಿತ್ತು. ಆಚೆ ಬದಿಯ ಕಂಬ ಎದ್ದಿತ್ತು, ಈ ಬದಿಯ ಉದ್ದನೆಯ ಕಂಬ ಮಾತ್ರ ಏಳುತ್ತಿರಲಿಲ್ಲ. ಗೇಟ್‌ಮ್ಯಾನ್ ಹಿಡಿ ತಿರುಗಿಸಿ ಸೋತು ಕೂತಿದ್ದ.

"ಕೆಟ್ಟಿದೆ ಸ್ವಾಮಿ. ಸಂಜೆ ತನಕ ಇನ್ನು ರೈಲಿಲ್ಲ. ಬಗ್ಗಿ ಹೋಗಿ."

ಜನ ಬಗ್ಗಿ ಹೋಗುತ್ತಿದ್ದರು. ಅವನು ಬಗ್ಗಲಿಲ್ಲ. ಕಂಬದ ಮುಂದೆ ನಿಂತ.

ಆಚೆಯಿಂದ ಮುದುಕಿಯೊಬ್ಬಳು ಚೀಲ ಹಿಡಿದು ಬಂದಳು. "ನನಗೆ ಸೊಂಟ ಬಗ್ಗಲ್ಲಪ್ಪ. ಚೂರು ಎತ್ತಿ ಹಿಡೀತೀಯಾ?"

ಅವನು ಕಂಬದ ತುದಿಗೆ ಹೆಗಲು ಕೊಟ್ಟು ಎತ್ತಿದ. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಮುದುಕಿ ದಾಟಿದಳು. "ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದಳು. ಇಳಿಸಬೇಕೆನ್ನುವಷ್ಟರಲ್ಲಿ ಸೈಕಲ್ಲಿನವನು ನುಗ್ಗಿದ. ಅವನ ಹಿಂದೆ ತರಕಾರಿ ಗಾಡಿ. ಗಾಡಿಯ ಹಿಂದೆ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡ ಹೆಂಗಸು. ಸುದ್ದಿ ಹರಡಿದಂತೆ, ಬಗ್ಗುತ್ತಿದ್ದವರೆಲ್ಲ ಈ ಕಡೆಗೇ ಬರತೊಡಗಿದರು. ದಾಟುವಾಗ ಒಬ್ಬೊಬ್ಬರೂ ಅವನನ್ನು ನೋಡಿ ತಲೆದೂಗುತ್ತಿದ್ದರು. "ಪುಣ್ಯಾತ್ಮ," ಎಂದರು ಯಾರೋ. "ಇಂಥೋರು ಇರೋದಕ್ಕೇ ಲೋಕ ನಡೀತಿರೋದು."

ತೋಳು ನಡುಗತೊಡಗಿತು. ಬೆವರು ಕಣ್ಣಿಗಿಳಿಯಿತು, ಒರೆಸಲು ಕೈಯಿರಲಿಲ್ಲ. ಬಿಡಬೇಕೆಂದು ಪ್ರತಿಸಲ ಕೆಳಗೆ ನೋಡಿದರೂ ಕಂಬದಡಿಯಲ್ಲಿ ಯಾರದೋ ಒಂದು ತಲೆ ಇದ್ದೇ ಇರುತ್ತಿತ್ತು. ಗೇಟ್‌ಮ್ಯಾನ್ ಬೀಡಿ ಹಚ್ಚಿಕೊಂಡು ಮೆಚ್ಚುಗೆಯಿಂದ ನೋಡುತ್ತಿದ್ದ.

ಆಗ ಹಳಿಗಳಾಚೆ, ರಸ್ತೆಯ ಕೊನೆಯಲ್ಲಿ, ಗಂಟೆ ಹೊಡೆಯಿತು. ಶಾಲೆ ಬಿಟ್ಟಿತ್ತು. ಒಂದೇ ಬಣ್ಣದ ಬಟ್ಟೆ ತೊಟ್ಟ ಮಕ್ಕಳು ಬಾಗಿಲಿನಿಂದ ಹೊರಗೆ ಸುರಿದು, ರಸ್ತೆಯ ಅಗಲವನ್ನೆಲ್ಲ ತುಂಬಿಕೊಂಡು, ಎತ್ತಿ ಹಿಡಿದ ಕಂಬದತ್ತ ಕೇಕೆ ಹಾಕುತ್ತ ಓಡಿ ಬರುತ್ತಿದ್ದರು.