ಮಿಷನ್ನಿನ ಮೇಲಿನ ಬಟ್ಟೆರಾಶಿ

ಪುಟ್ಟಿಯ ಅಮ್ಮ ಬೆಳಿಗ್ಗೆ ಒಗೆದ ಬಟ್ಟೆ ಮಡಚಿ ಮಡಚಿ ಹೊಲಿಗೆ ಮಿಷನ್ನಿನ ಮೇಲೆ ಪೇರಿಸುತ್ತಿದ್ದಳು. ಅಷ್ಟರಲ್ಲಿ ಎದುರುಮನೆಯ ಟೈಲರಕ್ಕ ಬಂದಳು. ಕೈಯಲ್ಲಿ ಪುಟ್ಟಿಯ ಶಾಲೆಯ ಲಂಗ.

“ಅಂಚು ಬಿಚ್ಚಿ ಉದ್ದ ಮಾಡಿದೀನಿ ಕಣೇ. ನಿನ್ನೆ ಅವಳೇ ತಂದುಕೊಟ್ಟಳು. ‘ಅಮ್ಮಂಗೆ ಹೇಳ್ಬೇಡಿ ದೊಡ್ಡಮ್ಮಾ, ಬೇಜಾರು ಮಾಡ್ಕೋತಾಳೆ’ ಅಂದ್ಲು. ನಂಗೆ ಮುಚ್ಚಿಡೋಕೆ ಮನಸ್ಸಾಗಲಿಲ್ಲ.”

ಅಮ್ಮನ ಮುಖ ಸಣ್ಣದಾಯಿತು. ಮಗಳ ಬಟ್ಟೆ ತಾನೇ ಹೊಲಿಯುತ್ತೇನೆಂದು ಬೀದಿಗೆಲ್ಲ ಹೇಳಿ ತಂದ ಮಿಷನ್ ಅದು. ಮೊದಲ ದಿನವೇ ದಾರ ಸಿಕ್ಕಾಗಿ ಬಟ್ಟೆ ಮುದ್ದೆಯಾಯಿತು. ಆಮೇಲೆ ಅದು ಬಟ್ಟೆ ಇಡುವ ಮೇಜಾಯಿತು.

ಒಳಗಿನಿಂದ ಬಂದ ಪುಟ್ಟಿ ಲಂಗ ನೋಡಿ ತಲೆ ತಗ್ಗಿಸಿದಳು. ಅಂಗಿಯ ಕಿತ್ತುಹೋದ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡು ಹೊರಗೆ ಓಡಿದಳು.

“ಭೂಮಿ ಬಾಯ್ಬಿಟ್ಟು ನನ್ನ ನುಂಗಬಾರದಾ ಅಕ್ಕಾ?”

“ನುಂಗಿದ್ರೆ ಈ ರಾಶಿ ಯಾರು ಮಡಚ್ತಾರೆ? ಮೊದಲು ಇದನ್ನ ಮಂಚಕ್ಕೆ ಹಾಕು.”

“ನನ್ನ ಕೈಗೆ ಹತ್ತೋ ವಿದ್ಯೆ ಅಲ್ಲ ಇದು. ಪುರಸೊತ್ತಾದ್ರೂ ಎಲ್ಲಿದೆ?”

“ಒಂದೇ ಸಲ ಲಂಗ ಹೊಲಿಯೋಕೆ ಹೊರಟೆ, ಅದಕ್ಕೇ ಹೀಗಾಯ್ತು. ಒಲೆ ಮೇಲೆ ನೀರು ಕಾಯೋವಷ್ಟು ಹೊತ್ತು ಒಂದು ಮಸಿಬಟ್ಟೆ ಅಂಚು ಹೊಲಿ, ಸಾಕು. ಚಿಂದಿ ನಾನು ಕೊಡ್ತೀನಿ. ಮಿಷನ್ ಬಿಟ್ಟು ಏಳೋ ಮುಂಚೆ ನಾಳೆಯ ಚಿಂದಿ ಸೂಜಿ ಕೆಳಗೇ ಇಟ್ಟಿರು. ದಾರ ಸಿಕ್ಕಾದ್ರೆ ನನ್ನ ಕೂಗು.”

“ಡೊಂಕಾದ್ರೆ?”

“ಮಸಿಬಟ್ಟೆ ಏನು ಮದುವೆಗೆ ಹೋಗುತ್ತಾ?”

ಮರುದಿನ ನೀರಿಟ್ಟು ಅಮ್ಮ ಮಿಷನ್ನಿಗೆ ಕೂತಳು. ಹೊಲಿಗೆ ಹಾವಿನಂತೆ ಹರಿಯಿತು. ದಾರ ಸಿಕ್ಕಾದಾಗ ತಾನೇ ಬಿಡಿಸಲು ಹೆಣಗಿದಳು. ಕೊನೆಗೆ ಕಿಟಕಿಯಿಂದ ಕೂಗಿದಳು, “ಅಕ್ಕಾ!” ದಿನ ಕಳೆದಂತೆ ಅಡುಗೆಮನೆ ತುಂಬ ಅಂಚು ಹೊಲಿದ ಮಸಿಬಟ್ಟೆ. “ಪಾತ್ರೆ ಒರೆಸೋದಕ್ಕೂ ಬಾರ್ಡರ್ರಾ!” ಎಂದು ಗಂಡ ನಕ್ಕ. ಅವಳು ಮಿಷನ್ ಬಿಟ್ಟು ಏಳಲಿಲ್ಲ.

ಅಕ್ಕತಂಗಿಯರೇ, ಕಲಿಯಬೇಕೆಂದು ತಂದು ನೀವು ಮರೆತದ್ದು ಯಾವ ರಾಶಿಯ ಕೆಳಗಿದೆ? ಇವತ್ತೇ ಹೊರತೆಗೆದು ಕೈಗೆ ಸಿಗುವಲ್ಲಿ ಇಡಿ. ದಿನವೂ ಮಾಡುವ ಒಂದು ಕೆಲಸದ ಜೊತೆ ಅದನ್ನೂ ಸ್ವಲ್ಪ ಮಾಡಿ. ಬಲ್ಲವರನ್ನು ಕೂಗಿ ಕೇಳಿ. ನಮ್ಮ ನಾಚಿಕೆಯನ್ನು ನಾವು ಎಷ್ಟೇ ಮುಚ್ಚಿಟ್ಟರೂ ಮಕ್ಕಳು ಅದನ್ನು ಹೊತ್ತು ತಿರುಗುತ್ತಾರೆ.

ಒಂದು ಬೆಳಿಗ್ಗೆ ಪುಟ್ಟಿ ಮಿಷನ್ನಿನ ಪಕ್ಕ ಬಂದು ನಿಂತಳು. ಅಂಗಿಯ ಕಿತ್ತುಹೋದ ಜೇಬಿನ ಮೇಲಿಟ್ಟಿದ್ದ ಕೈ ತೆಗೆದಳು.

“ಅಮ್ಮಾ, ಇದನ್ನ ನೀನೇ ಹೊಲಿದುಕೊಡ್ತೀಯಾ?”